ಕೆರೆ ಮೀನು ಮತ್ತು ಮೆಸ್ ಲೆಕ್ಕ

ನಾನು ಡಾಕ್ಟರಲ್ಲ, ಬಿ.ಕಾಂ. ಓದಿ ಲೆಕ್ಕ ಬರೆಯುವವನು. ಆದರೆ ರೂವಿಯ ನಮ್ಮ ರೂಮಿನ ಆರು ಜನರ ಮೆಸ್ ಪುಸ್ತಕ ಎರಡು ವರ್ಷದಿಂದ ನನ್ನ ಕೈಯಲ್ಲಿದೆ. ಶುರುವಿನಲ್ಲಿ ಪ್ರತಿ ತಿಂಗಳ ಕೊನೆಯ ಹತ್ತು ದಿನ ಅದರಲ್ಲಿ ಅವೇ ಸಾಲುಗಳು: ಅಕ್ಕಿ, ಈರುಳ್ಳಿ, ಉಪ್ಪಿನಕಾಯಿ. ಊರಿಗೆ ಕಳಿಸುವ ದುಡ್ಡು ಮೊದಲು, ಉಳಿದದ್ದರಲ್ಲಿ ಊಟ. ರಾಯಚೂರು ಕಡೆಯ ಒಬ್ಬ ಅಣ್ಣ, ಗಾರೆ ಕೆಲಸದವರು, ಬೆಲ್ಟಿಗೆ ಎರಡು ಹೊಸ ತೂತು ಹಾಕಿಕೊಂಡಿದ್ದರು. “ಹೊಟ್ಟೆ ತುಂಬಾ ಉಣ್ತೀನಿ, ಮತ್ಯಾಕೆ ಇಷ್ಟು ಸುಸ್ತು?” ಅಂತ ಕೇಳ್ತಿದ್ದರು.

ಲೆಕ್ಕ ಹಾಕಿ ನೋಡೋಣ. ನಮ್ಮ ಐಸಿಎಂಆರ್ 2020ರಲ್ಲಿ ಹೇಳಿದಂತೆ ದೇಹತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 65 ಕೆ.ಜಿ. ಇರುವ ಗಂಡಸಿಗೆ 54 ಗ್ರಾಂ ಆಯಿತು. ದಿನಕ್ಕೆ 400 ಗ್ರಾಂ ಅಕ್ಕಿ ಬೇಯಿಸಿ ತಿಂದರೂ ಸಿಗುವುದು ಸುಮಾರು 30 ಗ್ರಾಂ. ಅದೂ ಪೂರ್ತಿ ಉಪಯೋಗಕ್ಕೆ ಬರಲ್ಲ. ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಜೋಡಣೆ. ಅದರಲ್ಲಿ ಒಂಬತ್ತನ್ನು ದೇಹ ತಾನೇ ತಯಾರು ಮಾಡಿಕೊಳ್ಳಲಾರದು, ಊಟದಿಂದಲೇ ಬರಬೇಕು. ಸೈಟಿನಲ್ಲಿ ಇಟ್ಟಿಗೆ ರಾಶಿ ಬಿದ್ದಿದ್ದರೂ ಸಿಮೆಂಟ್ ಮುಗಿದರೆ ಗೋಡೆ ಏಳುತ್ತಾ? ಅಕ್ಕಿಯಲ್ಲಿ ಲೈಸಿನ್ ಅನ್ನುವುದು ಕಡಿಮೆ. ಬೇಳೆಯಲ್ಲಿ ಲೈಸಿನ್ ಚೆನ್ನಾಗಿದೆ, ಮಿಥಿಯೋನಿನ್ ಕಡಿಮೆ. ಹಾಗಾಗಿಯೇ ಅನ್ನಕ್ಕೆ ಬೇಳೆ ಜೋಡಿ. ಮೀನಿನಲ್ಲಿ ಒಂಬತ್ತೂ ಸಾಕಷ್ಟಿವೆ. ಶುಚಿ ಮಾಡಿದ 150 ಗ್ರಾಂ ರೋಹು ಮಾಂಸದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್. ಅಕ್ಕಿಯ 30ಕ್ಕೆ ಕೂಡಿಸಿದರೆ 55.

ಒಮಾನ್ ಕಡಲ ಮೀನಿನ ದೇಶ, ವರ್ಷವಿಡೀ ಹರಿಯುವ ದೊಡ್ಡ ನದಿ ಇಲ್ಲಿಲ್ಲ. ಮಂಗಳೂರು, ಉಡುಪಿ ಕಡೆಯವರಿಗೆ ಮತ್ರಾದ ಮೀನು ಮಾರ್ಕೆಟ್ ಸಾಕು. ನಮ್ಮ ರಾಯಚೂರಿನ ಅಣ್ಣನಿಗೆ ಕಡಲ ಮೀನಿನ ವಾಸನೆಯೇ ಆಗಲ್ಲ. ಕೃಷ್ಣೆ, ತುಂಗಭದ್ರೆ ಮೀನು ತಿಂದು ಬೆಳೆದವರು. ಅಂಥವರು ಬಾಂಗ್ಲಾದವರು ವ್ಯಾಪಾರ ಮಾಡುವ ಅಂಗಡಿಗಳ ಫ್ರೀಜರ್ ನೋಡಿ, ರೋಹು, ಕಾಟ್ಲಾ ಇರುತ್ತದೆ. ತಿಲಾಪಿಯಾ ಇಲ್ಲಿನ ತೋಟಗಳಲ್ಲೇ ಸಾಕುತ್ತಾರೆ. ಅರಬ್ಬಿಯಲ್ಲಿ ಬುಲ್ಟಿ, ನಮ್ಮಲ್ಲಿ ಕೆಲವು ಕಡೆ ಜಿಲೇಬಿ ಮೀನು.

ಕೊಳ್ಳುವಾಗ ಬರೀ ಕೆ.ಜಿ. ರೇಟು ನೋಡಬೇಡಿ. ಉದಾಹರಣೆಗೆ ಇಡೀ ಮೀನು ಕೆ.ಜಿ.ಗೆ 1 ರಿಯಾಲ್, ಕತ್ತರಿಸಿ ಶುಚಿ ಮಾಡಿದ್ದು ಒಂದೂವರೆ ರಿಯಾಲ್ ಅಂದುಕೊಳ್ಳಿ. ಇಡೀ ಮೀನಲ್ಲಿ ತಲೆ, ಹೊಟ್ಟೆ, ಮುಳ್ಳು ಹೋಗಿ ಅರ್ಧ ಕೆ.ಜಿ. ಮಾಂಸ ಉಳಿದರೆ 85 ಗ್ರಾಂ ಪ್ರೋಟೀನ್. ಹತ್ತು ಗ್ರಾಂಗೆ 118 ಬೈಸಾ ಬಿತ್ತು. ತುಂಡುಗಳಲ್ಲಿ ಮುಳ್ಳು ಕಳೆದು 800 ಗ್ರಾಂ ಸಿಕ್ಕರೆ 136 ಗ್ರಾಂ ಪ್ರೋಟೀನ್. ಹತ್ತು ಗ್ರಾಂಗೆ 110 ಬೈಸಾ. ದುಬಾರಿ ಅಂತ ಕಂಡದ್ದೇ ಅಗ್ಗ! ತಲೆಯನ್ನೂ ಸಾರಿಗೆ ಹಾಕುವವರಿಗೆ ಲೆಕ್ಕ ಬೇರೆ, ಅದು ನನಗೂ ಗೊತ್ತು. ಪ್ಯಾಕೆಟ್ ಆದರೆ ಮಂಜುಗಡ್ಡೆ ಬಿಟ್ಟು ನಿವ್ವಳ ತೂಕ ಎಷ್ಟು ಅಂತ ಓದಿ.

ಫ್ರೀಜರಿನ ಮೀನನ್ನು ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಭಾಗಕ್ಕಿಡಿ. ಕೆಲಸಕ್ಕೆ ಹೋಗುವಾಗ ಸಿಂಕಿನಲ್ಲಿ ಬಿಟ್ಟು ಹೋಗುವ ಅಭ್ಯಾಸ ಈ ಸೆಕೆಯಲ್ಲಿ ಅಪಾಯ. ಕಡಲ ಮೀನಿನವರು ಇನ್ನೂ ಹುಷಾರಾಗಿರಿ: ಬಂಗುಡೆ, ಭೂತಾಯಿ, ಟ್ಯೂನಾದಲ್ಲಿ ಹಿಸ್ಟಿಡಿನ್ ಅನ್ನುವ ಅಮೈನೋ ಆಮ್ಲ ಹೆಚ್ಚು. ಮೀನು ಬಿಸಿಲಲ್ಲಿ ಕೂತರೆ ಅದೇ ಹಿಸ್ಟಮಿನ್ ಆಗುತ್ತದೆ. ತಿಂದವರ ಮುಖ ಕೆಂಪಾಗಿ, ತುರಿಕೆ, ತಲೆನೋವು ಬರುತ್ತದೆ. ಎಷ್ಟು ಕುದಿಸಿದರೂ ಅದು ಹೋಗಲ್ಲ. ಮೀನು ಸಾರನ್ನು ರಾತ್ರಿ ಮಾಡಿ ರಾತ್ರಿಯೇ ಉಣ್ಣಿ, ಸೈಟಿನ ಡಬ್ಬಿಗೆ ಬೇಡ. ರೋಹು, ಕಾಟ್ಲಾದಲ್ಲಿ ಸಣ್ಣ ಕವಲು ಮುಳ್ಳು ಬಹಳ, ಮೊಬೈಲ್ ನೋಡ್ತಾ ತಿನ್ನಬೇಡಿ. ಕಿಡ್ನಿ ತೊಂದರೆ ಅಥವಾ ಯೂರಿಕ್ ಆಸಿಡ್ ಇದ್ದವರು ಎಷ್ಟು ತಿನ್ನಬಹುದು ಅಂತ ಡಾಕ್ಟರನ್ನು ಕೇಳಿ.

ದಿನಾ ಮೀನು ಯಾರಿಗೂ ಆಗಲ್ಲ. ನಮ್ಮ ರೂಮಲ್ಲಿ ಈಗ ವಾರಕ್ಕೆ ಮೂರು ರಾತ್ರಿ ಮೀನು. ಉಳಿದ ದಿನ ಬೇಳೆ, ಜೊತೆಗೆ ತಲೆಗೆ ಎರಡು ಮೊಟ್ಟೆ. ಮೀನಿನ ದುಡ್ಡನ್ನು ಸಂಬಳದ ದಿನವೇ, ಊರಿಗೆ ಕಳಿಸುವ ಮೊದಲೇ, ಬೇರೆ ಡಬ್ಬಿಗೆ ಹಾಕ್ತೀವಿ. ಡಬ್ಬಿಯ ಕೀಲಿ ಆ ಅಣ್ಣನ ಹತ್ತಿರವೇ ಇದೆ.