ಉದ್ಯಾನ ಸಸ್ಯಗಳು: ಆಯಸ್ಸು, ಕಾಂಡ, ಗಡ್ಡೆ

ಉದ್ಯಾನ ಸಸ್ಯಗಳನ್ನು ಮೊದಲು ಆಯಸ್ಸಿನಿಂದ ವಿಂಗಡಿಸುತ್ತಾರೆ. ಚೆಂಡುಹೂವು, ಸೂರ್ಯಕಾಂತಿ ಒಂದೇ ಋತುವಿನಲ್ಲಿ ಮೊಳೆತು, ಹೂಬಿಟ್ಟು, ಬೀಜ ಕಟ್ಟಿ ಒಣಗುವ ಏಕವಾರ್ಷಿಕಗಳು. ದಾಸವಾಳ, ಮಲ್ಲಿಗೆ ಬಹುವಾರ್ಷಿಕಗಳು. ಪರೀಕ್ಷೆಗೆ ಪ್ರಶ್ನೆ ತೆಗೆಯುವವರಿಗೆ ಪ್ರಿಯವಾದದ್ದು ನಡುವಿನ ದ್ವಿವಾರ್ಷಿಕ: ಕ್ಯಾರೆಟ್, ಎಲೆಕೋಸು ಮೊದಲ ವರ್ಷ ಆಹಾರ ಕೂಡಿಟ್ಟು ಎರಡನೆಯ ವರ್ಷ ಹೂಬಿಡುತ್ತವೆ. ಅಷ್ಟರೊಳಗೆ ನಾವು ಕಿತ್ತು ಸಾರಿಗೆ ಹಾಕಿರುತ್ತೇವೆ. ಅವುಗಳ ಹೂ ಕಂಡವರು ಕಡಿಮೆ.

ಕಾಂಡದ ಪ್ರಕಾರ ಮೂಲಿಕೆ, ಪೊದೆ, ಮರ, ಬಳ್ಳಿ. ಇಲ್ಲಿ ಎತ್ತರ ನೋಡಿ ಮೋಸಹೋಗಬೇಡಿ. ಬಾಳೆ ಮರವಲ್ಲ, ದೈತ್ಯ ಮೂಲಿಕೆ. ಹೊರಗೆ ಕಾಂಡದಂತೆ ಕಾಣುವುದು ಒಂದನ್ನೊಂದು ಸುತ್ತಿಕೊಂಡ ಎಲೆಬುಡಗಳ ಹುಸಿಕಾಂಡ. ನಿಜವಾದ ಕಾಂಡ ಮಣ್ಣಿನೊಳಗಿನ ಗಡ್ಡೆ.

ನೆಲದೊಳಗೆ ಬೆಳೆದದ್ದೆಲ್ಲ ಬೇರೂ ಅಲ್ಲ. ಶುಂಠಿ, ಅರಿಶಿನ, ಆಲೂಗಡ್ಡೆ, ಸುವರ್ಣಗಡ್ಡೆ ಮಾರ್ಪಟ್ಟ ಕಾಂಡಗಳು. ಗೆಣಸು, ಡೇಲಿಯಾ ಗಡ್ಡೆಗಳು ಬೇರುಗಳು. ಈರುಳ್ಳಿಯಲ್ಲಿ ನಾವು ತಿನ್ನುವುದು ದಪ್ಪಗಾದ ಎಲೆಬುಡ.

ಹೂವಿನಲ್ಲೂ ಇಂಥ ಮೋಸವಿದೆ. ಕಾಗದದ ಹೂ ಎನ್ನುವ ಬೋಗನ್‌ವಿಲ್ಲಾ ದಕ್ಷಿಣ ಅಮೆರಿಕ ಮೂಲದ್ದು. ಅದರ ಗುಲಾಬಿ, ಕಿತ್ತಳೆ ಬಣ್ಣ ಮಾರ್ಪಟ್ಟ ಎಲೆಗಳದು. ನಿಜವಾದ ಹೂ ನಡುವಿನ ಸಣ್ಣ ಕೊಳವೆ. ಈ ಬಣ್ಣ ಯಾವ ಭಾಗದ್ದು ಎಂಬ ಪ್ರಶ್ನೆಯ ಉತ್ತರದ ಆಯ್ಕೆಗಳಲ್ಲಿ ‘ದಳ’ ಎಂದು ಕಂಡರೆ ಗುರುತು ಹಾಕಬೇಡಿ.