ಕಾಲುವೆಗೆ ಕಾಯದ ದುಡ್ಡು

ಮನೆ ನಕ್ಷೆ ಮಾಡಿಸಲು ಬಂದವರು ಚಹಾ ಮುಗಿಯುವಷ್ಟರಲ್ಲಿ ಕೇಳಿಯೇ ಕೇಳುತ್ತಾರೆ: "ಹುಬ್ಬಳ್ಳಿಗೆ ಪಾಠ ಮಾಡಾಕ ಹೋಗ್ತೀರಂತಲ್ಲ ಸರ್, ಎಷ್ಟು ಕೊಡ್ತಾರ?" ಗಂಟೆಯ ಲೆಕ್ಕ ಹೇಳಿದರೆ ಹುಬ್ಬೇರಿಸುತ್ತಾರೆ. ವರ್ಷದ ಲೆಕ್ಕ ಹೇಳಿದರೆ "ಅಷ್ಟಕ್ಕ ಅಷ್ಟು ದೂರ ಹೋಗಬೇಕಾ?" ಅನ್ನುತ್ತಾರೆ. ಎರಡೂ ಮಾತು ನಿಜ.

ನನ್ನ ಊರು ತೆಕ್ಕಲಕೋಟೆ. ಕೆಲಸ ಸಿರುಗುಪ್ಪ, ಕುರುಗೋಡು, ಬಳ್ಳಾರಿ ಸುತ್ತಮುತ್ತ. ಆರ್ಕಿಟೆಕ್ಚರ್ ಓದಲು ನಮ್ಮ ಕಡೆಯ ಹುಡುಗರು ಹುಬ್ಬಳ್ಳಿ, ಕಲಬುರಗಿ, ಬೆಳಗಾವಿ, ಬೆಂಗಳೂರು ಎಂದು ಊರು ಬಿಡುತ್ತಾರೆ. ಕಲಿಸಲು ಹೋಗುವವರಿಗೂ ಅದೇ ದಾರಿ. ಐದು ವರ್ಷದ ಬಿ.ಆರ್ಕ್‌ನಲ್ಲಿ ಲ್ಯಾಂಡ್‌ಸ್ಕೇಪ್ ವಿನ್ಯಾಸಕ್ಕೆ ಸಿಗುವುದು ಚೂರು ಜಾಗ. ಅಷ್ಟಕ್ಕಾಗಿ ಪೂರ್ಣಾವಧಿ ಅಧ್ಯಾಪಕರನ್ನು ಇಟ್ಟುಕೊಳ್ಳಲು ಕಾಲೇಜುಗಳು ಹಿಂಜರಿಯುತ್ತವೆ. ವೃತ್ತಿಯಲ್ಲಿರುವವರು ಬಂದು ಪಾಠ ಮಾಡಲು ಆರ್ಕಿಟೆಕ್ಚರ್ ಕೌನ್ಸಿಲ್‌ನ ನಿಯಮಗಳಲ್ಲೂ ಅವಕಾಶವಿದೆ. ಹಾಗಾಗಿ ನಮ್ಮಂಥವರಿಗೆ ಕರೆ ಬರುತ್ತದೆ.

ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರ ಹೋರಾಟ ಎಲ್ಲರಿಗೂ ಗೊತ್ತು. ತಿಂಗಳಿಗೆ 11ರಿಂದ 13 ಸಾವಿರ ರೂಪಾಯಿ ಇದ್ದದ್ದು 2022ರ ಜನವರಿಯಲ್ಲಿ 26ರಿಂದ 32 ಸಾವಿರಕ್ಕೆ ಏರಿದ್ದು ಅವರು ಬೀದಿಗಿಳಿದ ಮೇಲೆಯೇ. ಖಾಸಗಿ ಕಾಲೇಜಿಗೆ ಗಂಟೆ ಲೆಕ್ಕದಲ್ಲಿ ಹೋಗುವ ನಮಗೆ ಅಂಥ ಆದೇಶವೂ ಇಲ್ಲ, ಸಂಘವೂ ಇಲ್ಲ. ಫೋನಿನಲ್ಲಿ ಮಾತಾಡಿದ್ದೇ ದರ.

ಲೆಕ್ಕ ಹಾಕೋಣ. ಸುಲಭಕ್ಕೆ ಗಂಟೆಗೆ ಸಾವಿರ ರೂಪಾಯಿ, ದಿನಕ್ಕೆ ನಾಲ್ಕು ಗಂಟೆ ಸ್ಟುಡಿಯೋ ಎಂದು ಇಟ್ಟುಕೊಳ್ಳಿ. ಕೈಗೆ ನಾಲ್ಕು ಸಾವಿರ. ತಯಾರಿಗೆ ಎರಡು ಗಂಟೆ ಬೇಕು. ತೆಕ್ಕಲಕೋಟೆಯಿಂದ ಬಳ್ಳಾರಿಗೆ ಬಸ್ಸು, ಅಲ್ಲಿಂದ ಹೊಸಪೇಟೆ, ಕೊಪ್ಪಳ, ಗದಗ ದಾಟಿ ಹುಬ್ಬಳ್ಳಿಗೆ ರೈಲು. ಹೋಗಿ ಬರಲು, ನಿಲ್ದಾಣದಲ್ಲಿ ಕಾಯುವುದೂ ಸೇರಿ, ಹನ್ನೆರಡು ಗಂಟೆ. ಟಿಕೆಟ್ಟು, ಆಟೊ, ಊಟಕ್ಕೆ 1,200 ರೂಪಾಯಿ ಹಿಡಿಯಿರಿ. ಉಳಿಯುವುದು 2,800. ಹದಿನೆಂಟು ಗಂಟೆಗೆ ಹಂಚಿದರೆ ಗಂಟೆಗೆ 155 ರೂಪಾಯಿ. ಸಾವಿರ ಅಂದದ್ದು ಇಲ್ಲಿಗೆ ಇಳಿಯಿತು.

ಅದೇ ಪಾಠವನ್ನು ಎರಡು ದಿನ ಜೋಡಿಸಿ ನೋಡಿ. ಎಂಟು ಸಾವಿರ ಬರುತ್ತದೆ. ಪ್ರಯಾಣದ ಖರ್ಚು ಅಷ್ಟೇ, ಲಾಡ್ಜಿಗೆ 800 ಹೆಚ್ಚು. ಉಳಿದ ಆರು ಸಾವಿರವನ್ನು ಇಪ್ಪತ್ನಾಲ್ಕು ಗಂಟೆಗೆ ಹಂಚಿದರೆ 250 ರೂಪಾಯಿ. ಗಂಟೆಯ ದರ ನೂರು ರೂಪಾಯಿ ಏರಿಸಿ ಎಂದು ಪ್ರಾಂಶುಪಾಲರ ಮುಂದೆ ಗೋಗರೆಯುವುದಕ್ಕಿಂತ, ತರಗತಿಗಳನ್ನು ಗುರುವಾರ-ಶುಕ್ರವಾರಕ್ಕೆ ಒಟ್ಟಿಗೆ ಹಾಕಿಕೊಡಿ ಎಂದು ಕೇಳುವುದರಲ್ಲಿ ಲಾಭ ಜಾಸ್ತಿ. ಕಾಲೇಜಿಗೂ ಇದರಿಂದ ಒಂದು ಪೈಸೆ ಹೊರೆಯಿಲ್ಲ.

ಇನ್ನು ವರ್ಷದ ಲೆಕ್ಕ. ಎರಡು ಸೆಮಿಸ್ಟರ್‌ಗೆ ತಲಾ 16 ವಾರ ಎಂದರೆ 32 ವಾರ ಪಾಠ. ವಾರಕ್ಕೆ ಎಂಟು ಸಾವಿರದಂತೆ 2,56,000. ಖರ್ಚು ಕಳೆದರೆ 1,92,000. ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 16 ಸಾವಿರ. ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ, ಸಂಬಳದ ರಜೆ ಇಲ್ಲ. ಪರೀಕ್ಷೆ ಕಾಲದಲ್ಲಿ ಜ್ಯೂರಿಗೆ ಕೂರಬೇಕು. ಒಂದೊಂದು ಹಾಳೆಯ ಮುಂದೆ ನಿಂತು, ರಾತ್ರಿಯಿಡೀ ನಿದ್ದೆಗೆಟ್ಟ ಮಕ್ಕಳಿಗೆ ಇಳಿಜಾರು ಎತ್ತ ಇದೆ, ಮಳೆನೀರು ಎಲ್ಲಿ ಹೋಗುತ್ತದೆ ಎಂದು ಕೇಳುತ್ತಾ ಸಂಜೆಯಾಗುತ್ತದೆ. ಆ ದಿನಗಳಿಗೆ ದುಡ್ಡು ಕೊಡುವುದನ್ನು ಕೆಲವು ಕಾಲೇಜುಗಳು ಮರೆಯುತ್ತವೆ. ನಾನು ಹೋಗುತ್ತಿದ್ದ ಒಂದು ಕಡೆಯಂತೂ ಫಲಿತಾಂಶ ಬಂದ ಮೇಲೆ ಬಿಲ್ ಪಾಸಾಗುತ್ತಿತ್ತು. ಇಂಥ ದುಡ್ಡನ್ನು ನಂಬಿ ಮನೆ ಸಾಲದ ಕಂತು ಕಟ್ಟಲು ಹೊರಟರೆ ದೇವರೇ ಗತಿ.

ಹಾಗಿದ್ದರೆ ಯಾಕೆ ಹೋಗುತ್ತೇನೆ? ಇದಕ್ಕೆ ಉತ್ತರ ನಮ್ಮ ಕಾಲುವೆಯಲ್ಲಿದೆ.

ಸಿರುಗುಪ್ಪ ಸೀಮೆಯಲ್ಲಿ ಮನೆ ಕಟ್ಟಿಸುವವರು ಯಾರು? ಭತ್ತ ಬೆಳೆಯುವವರು, ರೈಸ್ ಮಿಲ್ಲಿನವರು, ಅವರಿಗೆ ಗೊಬ್ಬರ, ಔಷಧಿ ಮಾರುವವರು. ತುಂಗಭದ್ರೆಯ ನೀರು ಎರಡು ಬೆಳೆಗೆ ಬಂದರೆ ಮೇ ತಿಂಗಳಲ್ಲಿ ಪಾಯ ತೋಡುತ್ತಾರೆ. ಒಂದೇ ಬೆಳೆಗೆ ನಿಂತರೆ "ಮುಂದಿನ ವರ್ಷ ನೋಡೋಣ ಸರ್" ಎನ್ನುತ್ತಾರೆ. ನಕ್ಷೆಯ ಫೀಯೂ ಮುಂದಿನ ವರ್ಷಕ್ಕೇ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಕ್ರೆಸ್ಟ್‌ಗೇಟ್ ಕೊಚ್ಚಿಹೋದಾಗ ಇಡೀ ಸೀಮೆಯ ಜೀವ ಬಾಯಿಗೆ ಬಂದಿತ್ತು. ವಾರದೊಳಗೆ ತಾತ್ಕಾಲಿಕ ಗೇಟು ಕೂರಿಸಿ, ಹರಿಯುವ ನೀರನ್ನು ತಡೆದದ್ದು ಬೇರೆ ಮಾತು. ಆದರೆ ಆ ವಾರ ನನ್ನ ಫೋನಿಗೆ ಬಂದ ಕರೆಗಳೆಲ್ಲ ಕೆಲಸ ನಿಲ್ಲಿಸಿ ಎನ್ನುವವೇ. ಲ್ಯಾಂಡ್‌ಸ್ಕೇಪ್ ಕೆಲಸದ ಗತಿ ಇನ್ನೂ ಕಷ್ಟ. ದುಡ್ಡು ಬಿಗಿಯಾದರೆ ಮನೆಯವರು ಮೊದಲು ಕೈಬಿಡುವುದು ಅಂಗಳದ ಗಿಡವನ್ನೇ.

ಕಾಲೇಜಿನ ದುಡ್ಡು ತಡವಾಗಿ ಬಂದರೂ ಅಣೆಕಟ್ಟೆಯ ನೀರಿನ ಮಟ್ಟ ನೋಡಿ ಬರುವುದಿಲ್ಲ. ನಮ್ಮಲ್ಲಿ ಮಳೆ ಬರಲಿ, ಬಿಡಲಿ, ಹುಬ್ಬಳ್ಳಿಯಲ್ಲಿ ಸೆಮಿಸ್ಟರ್ ನಡೆಯುತ್ತದೆ. ಎಲ್ಲಾ ಆದಾಯ ಒಂದೇ ಕಾಲುವೆಯ ಮೇಲೆ ನಿಂತಿರುವ ನಮ್ಮಂಥ ಊರಿನಲ್ಲಿ ಬೇರೆ ಮೂಲದಿಂದ ಬರುವ 16 ಸಾವಿರಕ್ಕೆ ಅದರ ಮೊತ್ತಕ್ಕಿಂತ ಬೆಲೆ ಹೆಚ್ಚು. ಅದಕ್ಕೇ ಈ ದುಡ್ಡನ್ನು ಬೇರೆ ಖಾತೆಗೆ ಹಾಕಿಸಿಕೊಳ್ಳುತ್ತೇನೆ, ಮನೆ ಖರ್ಚಿಗೆ ಮುಟ್ಟುವುದಿಲ್ಲ. ಅದರಲ್ಲಿ ಮೊದಲು ಆರೋಗ್ಯ ವಿಮೆಯ ಕಂತು ಹೋಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ತೆಗೆದದ್ದರಿಂದ ಸ್ವಲ್ಪ ಉಸಿರಾಡುವಂತಾಗಿದೆ. ಆಮೇಲೆ ಪಿಪಿಎಫ್, ಏಕೆಂದರೆ ಪಿಎಫ್ ಕೊಡುವ ಮಾಲೀಕ ನಮಗಿಲ್ಲ. ಉಳಿದದ್ದು ಆಫೀಸಿನ ಹುಡುಗರ ಸಂಬಳಕ್ಕೆ ಮೀಸಲು, ನೀರಿಲ್ಲದ ವರ್ಷಕ್ಕೆ.

ತೆರಿಗೆಯ ವಿಷಯ ಚುಟುಕಾಗಿ. ಕಾಲೇಜು ಇದನ್ನು ವೃತ್ತಿಪರ ಶುಲ್ಕವೆಂದು ಕೊಟ್ಟರೆ, ವರ್ಷಕ್ಕೆ 50 ಸಾವಿರ ದಾಟಿದಾಗ ಶೇ 10 ಟಿಡಿಎಸ್ ಮುರಿದುಕೊಳ್ಳುತ್ತದೆ. ಮೇಲಿನ ಲೆಕ್ಕದಲ್ಲಿ ಅದು 25,600 ರೂಪಾಯಿ. ಬಹಳ ಜನ ಕಿರಿಯರು ಇದನ್ನು ಹೋದ ದುಡ್ಡೆಂದು ಬಿಟ್ಟುಬಿಡುತ್ತಾರೆ. ಹೊಸ ಪದ್ಧತಿಯಲ್ಲಿ 12 ಲಕ್ಷದೊಳಗಿನ ಆದಾಯಕ್ಕೆ ರಿಯಾಯಿತಿಯಿದೆ. ರಿಟರ್ನ್ ಸಲ್ಲಿಸಿದರೆ ದುಡ್ಡು ವಾಪಸ್ ಬರುತ್ತದೆ. ಫಾರಂ 26ಎಎಸ್‌ನಲ್ಲಿ ಕಾಲೇಜು ಅದನ್ನು ನಿಜಕ್ಕೂ ಕಟ್ಟಿದೆಯೇ ಎಂದು ನೋಡಿಕೊಳ್ಳಿ. ನಕ್ಷೆಯ ಫೀಗೆ 44ಎಡಿಎ ಪ್ರಕಾರ ಅರ್ಧವನ್ನೇ ಲಾಭವೆಂದು ತೋರಿಸಬಹುದು. ಪಾಠದ ಹಣವನ್ನೂ ಅದರಲ್ಲೇ ಸೇರಿಸುವ ಮುಂಚೆ ಆಡಿಟರನ್ನು ಕೇಳಿ, ಯಾಕೆಂದರೆ ಆ ಕಲಮಿನ ವೃತ್ತಿಗಳ ಪಟ್ಟಿಯಲ್ಲಿ ಆರ್ಕಿಟೆಕ್ಚರ್ ಇದೆ, ಬೋಧನೆಯ ಹೆಸರಿಲ್ಲ. 2026ರ ಏಪ್ರಿಲ್ 1ರಿಂದ ಅನ್ವಯಿಸುವ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಈ ಕಲಮುಗಳ ಸಂಖ್ಯೆ ಬೇರೆ.

ಲೆಡ್ಜರಿಗೆ ಸಿಗದ ಲಾಭ ಒಂದಿದೆ. ಒಮ್ಮೆ ಸ್ಟುಡಿಯೋದ ಮಕ್ಕಳನ್ನು ನಮ್ಮೂರ ಗುಡ್ಡಕ್ಕೆ ಕರೆತಂದಿದ್ದೆ. 1960ರ ದಶಕದಲ್ಲಿ ಪುರಾತತ್ತ್ವಜ್ಞ ಎಂ.ಎಸ್. ನಾಗರಾಜರಾವ್ ಅಗೆದು, ನವಶಿಲಾಯುಗದವರ ದುಂಡು ಗುಡಿಸಲುಗಳ ನೆಲೆ ಕಂಡ ಜಾಗವದು. ಬಂಡೆಯ ನೆರಳು ಮಧ್ಯಾಹ್ನ ಎಲ್ಲಿಗೆ ಬರುತ್ತದೆಂದು ಸುಣ್ಣದ ಗೆರೆ ಎಳೆದು ನೋಡಿದ ಒಬ್ಬ ಹುಡುಗಿ, ಗುಡಿಸಲಿಗೆ ಇಲ್ಲೇ ಜಾಗ ಹಿಡಿದದ್ದು ಯಾಕೆಂದು ತಾನೇ ವಾದ ಕಟ್ಟಿದಳು. ಆಕೆ ಈಗ ನನ್ನ ಆಫೀಸಿನಲ್ಲಿದ್ದಾಳೆ. ಬೆಂಗಳೂರು ಬಿಟ್ಟು ಬಳ್ಳಾರಿಯ ಬಿಸಿಲಿಗೆ ಬಂದು ನಿಲ್ಲುವ ಒಬ್ಬ ಒಳ್ಳೆಯ ಕೈಯನ್ನು ಜಾಹೀರಾತು ಕೊಟ್ಟು ಹುಡುಕಿದ್ದರೆ ಸಿಗುತ್ತಿರಲಿಲ್ಲ.

ಸಿರುಗುಪ್ಪ, ಕುರುಗೋಡಿನ ಕಡೆ ಈಗಷ್ಟೇ ಬೋರ್ಡು ಹಾಕಿದ ತರುಣರು ನನ್ನನ್ನು ಕೇಳಿದರೆ ಹೋಗಿ ಎಂದೇ ಹೇಳುತ್ತೇನೆ. ಒಟ್ಟು ಆದಾಯದ ಕಾಲುಭಾಗಕ್ಕಿಂತ ಹೆಚ್ಚನ್ನು ಇದರ ಮೇಲೆ ಬಿಡಬೇಡಿ. ಹೋಗುವ ಮುಂಚೆ ದರ, ಜ್ಯೂರಿಯ ದಿನಗಳ ಸಂಭಾವನೆ, ಪ್ರಯಾಣ ಭತ್ಯೆ, ಬಿಲ್ ಪಾಸಾಗುವ ತಿಂಗಳು, ಈ ನಾಲ್ಕನ್ನೂ ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದ ಕಾಲೇಜಿಗೆ ಹೋಗಬೇಡಿ.