ಕಡಲಿಗಿಳಿಯುವ ಮುನ್ನ ಸಿಗರೇಟು ಬಿಡಿ

ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್‌ಗೆಂದು ಹೋಗುವ ಯುವಕ ಯುವತಿಯರು ಈಗ ಕಡಿಮೆಯೇನಲ್ಲ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮೀನುಗಳ ನಡುವೆ ಈಜಾಡುವುದು ಸಂತೋಷದ ಸಂಗತಿಯೇ ಸರಿ. ಆದರೆ ನಿಮ್ಮ ಮನೆಯಲ್ಲಿ ಇಂಥ ಪ್ರವಾಸಕ್ಕೆ ಹೊರಟವರು ಧೂಮಪಾನಿಗಳಾಗಿದ್ದರೆ ಮುಂದಿನ ವಿಷಯ ಅವರಿಗೆ ತಿಳಿದಿರಲಿ.

ಒತ್ತಡದ ಲೆಕ್ಕ

ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಭಾರದಷ್ಟು ಒತ್ತಡ ಹೆಚ್ಚುತ್ತದೆ. 10 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಗಿಂತ ಎರಡು ಪಟ್ಟು. ಅಲ್ಲಿ ಸಿಲಿಂಡರಿನಿಂದ ಎಳೆದುಕೊಂಡ 3 ಲೀಟರ್ ಗಾಳಿ ಮೇಲೆ ಬರುವಷ್ಟರಲ್ಲಿ ಹಿಗ್ಗಿ 6 ಲೀಟರ್ ಆಗುತ್ತದೆ. ಆದ್ದರಿಂದಲೇ ಡೈವಿಂಗ್ ಕಲಿಸುವವರು ಹೇಳುವ ಮೊದಲ ಪಾಠ: ಉಸಿರು ಬಿಗಿಹಿಡಿಯಬೇಡಿ, ಮೇಲೆ ಬರುವಾಗ ನಿಧಾನವಾಗಿ ಉಸಿರಾಡುತ್ತಲೇ ಇರಿ.

ಧೂಮಪಾನಿ ಈ ಪಾಠವನ್ನು ಚಾಚೂ ತಪ್ಪದೆ ಪಾಲಿಸಿದರೂ ಅಪಾಯ ಪೂರ್ತಿ ತಪ್ಪುವುದಿಲ್ಲ. ಶ್ವಾಸನಾಳದ ಒಳಗೋಡೆಯಲ್ಲಿರುವ ಸೂಕ್ಷ್ಮ ರೋಮಗಳು ಕಫವನ್ನು ಮೇಲಕ್ಕೆ ದೂಡುತ್ತವೆ. ಹೊಗೆ ಅವುಗಳನ್ನು ಜಡಗೊಳಿಸುತ್ತದೆ. ಕಫ ಹೆಚ್ಚಾಗಿ ಸಣ್ಣ ನಾಳಗಳಲ್ಲಿ ಕಟ್ಟಿಕೊಳ್ಳುತ್ತದೆ. ಉಸಿರು ಹೊರಬಿಟ್ಟರೂ ಈ ಅಡೆತಡೆಯ ಹಿಂದಿನ ಗಾಳಿ ಅಲ್ಲೇ ಸಿಕ್ಕಿಬೀಳಬಹುದು. ಮೇಲೇರುವಾಗ ಅದು ಹಿಗ್ಗಿ ವಾಯುಕೋಶಗಳನ್ನು ಹರಿದರೆ, ಗಾಳಿಯ ಗುಳ್ಳೆಗಳು ರಕ್ತಕ್ಕೆ ನುಗ್ಗಿ ಮಿದುಳನ್ನು ತಲುಪಬಹುದು. ಪಾರ್ಶ್ವವಾಯು, ಪ್ರಜ್ಞೆ ತಪ್ಪುವುದು, ಕೊನೆಗೆ ಸಾವೂ ಸಂಭವಿಸಬಹುದು.

ರಕ್ತದಲ್ಲಿ ಆಗುವುದೇನು?

ಸಿಗರೇಟಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಬಸ್ಸಿನ ಸೀಟುಗಳನ್ನು ಬೇರೆಯವರು ಹಿಡಿದುಕೊಂಡರೆ ಟಿಕೆಟ್ ಇದ್ದವರು ನಿಲ್ಲಬೇಕಾದಂತೆ, ಆಮ್ಲಜನಕಕ್ಕೆ ಜಾಗ ಕಡಿಮೆಯಾಗುತ್ತದೆ. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸಿ ಹೃದಯದ ಬಡಿತ ಏರಿಸುತ್ತದೆ. ಅಲೆ, ಸೆಳೆತ, ಭಯ ಇವೆಲ್ಲ ಸೇರಿದಾಗ ಹೃದಯಕ್ಕೆ ಇದು ದೊಡ್ಡ ಹೊರೆ.

ಇನ್ನು ಕಿವಿ, ಮೂಗು. ಹೊಗೆಯಿಂದ ಮೂಗಿನ ಒಳಪದರ ಊದಿಕೊಂಡರೆ ಕಿವಿಯೊಳಗಿನ ಒತ್ತಡ ಸರಿದೂಗಿಸುವುದು ಕಷ್ಟ. ತೀವ್ರ ಕಿವಿನೋವು ಬರಬಹುದು, ತಮಟೆ ಹರಿಯಲೂಬಹುದು.

ಹಿಂದಿನ ದಿನ ಬಿಟ್ಟರೆ ಸಾಲದೇ?

ಭಾಗಶಃ ಮಾತ್ರ. ರಕ್ತದಲ್ಲಿನ ಕಾರ್ಬನ್ ಮಾನಾಕ್ಸೈಡ್ ಸುಮಾರು 4ರಿಂದ 6 ಗಂಟೆಗಳಿಗೊಮ್ಮೆ ಅರ್ಧದಷ್ಟು ಇಳಿಯುವುದರಿಂದ ಒಂದು ದಿನದಲ್ಲಿ ಬಹುಪಾಲು ಹೋಗುತ್ತದೆ. ಆದರೆ ಕಫ ಕಡಿಮೆಯಾಗಲು ವಾರಗಳು, ತಿಂಗಳುಗಳು ಬೇಕು. ಬಿಟ್ಟ ಹೊಸದರಲ್ಲಿ ಕೆಲವರಿಗೆ ಕೆಮ್ಮು, ಕಫ ಹೆಚ್ಚುವುದೂ ಉಂಟು. ಈಗಾಗಲೇ ಹಾಳಾದ ವಾಯುಕೋಶಗಳು ಮತ್ತೆ ಸರಿಹೋಗುವುದಿಲ್ಲ.

ನೆನಪಿಡಿ

* ಡೈವಿಂಗ್‌ಗೆ ಮುನ್ನ ಕೊಡುವ ಆರೋಗ್ಯದ ಅರ್ಜಿಯಲ್ಲಿ ನಿಜ ಬರೆಯಿರಿ. ಪಕ್ಕದಲ್ಲಿ ಅಪ್ಪ ಅಮ್ಮ ಇದ್ದಾರೆಂದು ಸೇದುವ ವಿಷಯ ಮುಚ್ಚಿಡಬೇಡಿ.

* ಬಹಳ ಕಾಲದಿಂದ ಸೇದುವವರು ವೈದ್ಯರನ್ನು ಕಂಡು ಶ್ವಾಸಕೋಶದ ಸಾಮರ್ಥ್ಯ ಪರೀಕ್ಷೆ ಮಾಡಿಸಿಕೊಳ್ಳಿ. ಎಕ್ಸ್‌ರೇ ಚೆನ್ನಾಗಿದ್ದರೆ ಸಾಲದು. ಸಣ್ಣ ದೋಷಗಳು ಅದರಲ್ಲಿ ಕಾಣದೇ ಹೋಗಬಹುದು.

* ನೆಗಡಿ, ಕೆಮ್ಮು, ಉಬ್ಬಸ ಇರುವಾಗ ನೀರಿಗಿಳಿಯಬೇಡಿ.

* ಮೇಲೆ ಬಂದ ಬಳಿಕ ಎದೆನೋವು, ಉಸಿರಾಟದ ತೊಂದರೆ, ರಕ್ತ ಮಿಶ್ರಿತ ಕಫ, ತಲೆಸುತ್ತು ಅಥವಾ ಕೈಕಾಲು ಸೋಲುವುದು ಕಂಡರೆ ರೋಗಿಯನ್ನು ಮಲಗಿಸಿ, ಆಮ್ಲಜನಕ ಕೊಡಿಸಿ, ತಕ್ಷಣ ಆಸ್ಪತ್ರೆಗೆ ಸಾಗಿಸಿ. ಡೈವಿಂಗ್ ಮಾಡಿದ ವಿಷಯವನ್ನು ವೈದ್ಯರಿಗೆ ತಪ್ಪದೇ ತಿಳಿಸಿ. ಮತ್ತೆ ನೀರಿಗಿಳಿಸಿ ಗುಣಪಡಿಸುವ ಸಾಹಸ ಬೇಡ.

ಮಗ ಅರ್ಜಿಯ ಮುಂದೆ ತಡವರಿಸಿದರೆ, ತಂದೆತಾಯಿಯರೇ, ಆ ಗಳಿಗೆಯಲ್ಲಿ ಗದರಬೇಡಿ. ಅವನು ನಿಜ ಹೇಳುವಂತಾಗುವುದು ಮುಖ್ಯ. ಸಮುದ್ರ ಎಲ್ಲಿಗೂ ಹೋಗುವುದಿಲ್ಲ. ಸಿಗರೇಟು ಬಿಟ್ಟು, ಶ್ವಾಸಕೋಶ ಸುಧಾರಿಸಿದ ಮೇಲೆ, ವೈದ್ಯರ ಒಪ್ಪಿಗೆ ಪಡೆದು ಮುಂದಿನ ವರ್ಷ ಇಳಿಯಬಹುದು.